ಬಾಗಿಲು ತಟ್ಟದೆ ಬಂದ ಗುಡುಗು

ಇನ್ನು ಈ ಜನ್ಮದಲ್ಲಿ ಬ್ಯಾಕಪ್ಪಿಗಾಗಿ ಪಾಸ್‌ವರ್ಡ್ ಒತ್ತಿದರೆ ನಾನು ನಾನೇ ಅಲ್ಲ ಎಂದು ಶಪಥ ಮಾಡಿದ್ದು ಒಂದು ಶುಕ್ರವಾರದ ಸಂಜೆ, ಬಾಗಿಲ ಬಳಿ ಚಪ್ಪಲಿ ಬಿಡುವಾಗ. ಲೋಕದಲ್ಲಿ ಘೋರ ಪ್ರತಿಜ್ಞೆ ಮಾಡಿದವರೆಲ್ಲ ಎರಡು ಕಾಲಿನ ಮೇಲೆ ನೆಟ್ಟಗೆ ನಿಂತು ಮಾಡಿದ್ದಾರೆ. ನನ್ನದು ಒಂಟಿ ಕಾಲಿನಲ್ಲಿ ಆಯಿತು. ಅದರ ಗತಿ ಏನಾಯಿತೆಂಬುದನ್ನು ನಾಚಿಕೆ ಬಿಟ್ಟು ನಾನೇ ಹೇಳಿಬಿಡುತ್ತೇನೆ. ಹೇಗೂ ಆಫೀಸಿಗೆಲ್ಲ ಗೊತ್ತಾಗಿದೆ, ನಿಮಗೆ ಗೊತ್ತಾದರೆ ನನ್ನದೇನು ಹೋಗುತ್ತದೆ!

ನಾನು ಕಟ್ಟಡಗಳ ನಕ್ಷೆ ಬರೆಯುವ ಆಫೀಸೊಂದರಲ್ಲಿ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುವವಳು. ಮೂಲೆಯ ಗಾಜಿನ ಗೂಡಿನಲ್ಲಿ ಗುಂಯ್ ಎನ್ನುತ್ತ ಕೂತಿರುವ ಸರ್ವರ್ ಎಂಬ ಯಂತ್ರದೊಳಗೆ ನಮ್ಮ ಅಷ್ಟೂ ನಕ್ಷೆಗಳಿವೆ. ಅದು ಕಣ್ಣು ಮುಚ್ಚಿದರೆ ನಾವೆಲ್ಲ ಬಾಯಿ ಬಾಯಿ ಬಿಡಬೇಕು. ಹಾಗಾಗಿ ದಿನಾ ಸಂಜೆ ಎಲ್ಲರೂ ಹೊರಟ ಮೇಲೆ ನಾನು ಅದಕ್ಕೆ ಒಂದು ಡಿಸ್ಕ್ ಸಿಕ್ಕಿಸಿ, ಪಾಸ್‌ವರ್ಡ್ ಒತ್ತಿ, ನಕ್ಷೆಗಳನ್ನೆಲ್ಲ ನಕಲು ಮಾಡಿ, ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ತರಬೇಕು. ಆಫೀಸಿಗೆ ಬೆಂಕಿ ಬಿದ್ದರೂ ನಕ್ಷೆಗಳು ನನ್ನ ಬಾಚಣಿಗೆಯ ಪಕ್ಕ ಸುಖವಾಗಿರುತ್ತವೆ ಎಂಬುದು ಏರ್ಪಾಡು.

ತೊಂದರೆ ಇದ್ದದ್ದು ಆ ಪಾಸ್‌ವರ್ಡಿನಲ್ಲಿ. ಕಳ್ಳರು ತಲೆ ಚಚ್ಚಿಕೊಳ್ಳಲಿ ಎಂದು ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚುಕ್ಕಿ, ನಕ್ಷತ್ರ ಎಲ್ಲ ಬೆರೆಸಿ ನಾನೇ ಕಟ್ಟಿದ್ದು. ಇಲ್ಲಿಯವರೆಗೆ ಯಾವ ಕಳ್ಳನೂ ಅದರ ತಂಟೆಗೆ ಬಂದಿಲ್ಲ. ತಲೆ ಚಚ್ಚಿಕೊಂಡವಳು ನಾನೊಬ್ಬಳೇ. ತಪ್ಪು ಒತ್ತಿದರೆ ಯಂತ್ರ ಮುನಿಸಿಕೊಂಡು ಸ್ವಲ್ಪ ಹೊತ್ತು ಮಾತು ಬಿಡುತ್ತದೆ, ಅಷ್ಟರಲ್ಲಿ ನನ್ನ ಬಸ್ಸು ಹೋಗುತ್ತದೆ. ಆ ಶುಕ್ರವಾರವೂ ಹೋಗಿತ್ತು.

"ರೀ, ನೋಡ್ತಾ ಇರಿ. ಸೋಮವಾರದಿಂದ ನಾನು ಕೈ ಬೀಸ್ಕೊಂಡು ಬರ್ತೀನಿ. ಯಂತ್ರಾನೇ ಯಂತ್ರದ ಹತ್ರ ಹೋಗಿ ಬ್ಯಾಕಪ್ ಮಾಡಿಕೊಂಡು ಬರುತ್ತೆ. ನನ್ನನ್ನ ಯಾರೂ ಏನೂ ಕೇಳೋ ಹಾಗಿಲ್ಲ" ಎಂದೆ.

ಒಳಗಿನಿಂದ ಕರಡಿಯೊಂದು ಗುರ್ ಎಂದಿತು.

ಗಾಬರಿಯಾಗಬೇಡಿ. ನಮ್ಮ ಮನೆಯವರು ದನಿ ಮಾರಿ ಬದುಕುವವರು. ಹೊಟ್ಟೆ ಒತ್ತಿದರೆ ಮಾತಾಡುವ ಗೊಂಬೆಗಳು ಅಂಗಡಿಯಲ್ಲಿ ಸಿಗುತ್ತವಲ್ಲ, ಅವುಗಳಿಗೆ ದನಿ ಕೊಡುವುದು ಅವರ ಕಸುಬು. ಕರಡಿ, ಕಪ್ಪೆ, ಮುಂಗೋಪದ ಮುದುಕಿ ಎಲ್ಲವೂ ಅವರೊಬ್ಬರೇ. "ನಂಗೆ ಹಸಿವಾಗ್ತಿದೆ" ಎನ್ನುವ ಕರಡಿಯಂತೂ ಮಕ್ಕಳಿರುವ ಮನೆಗಳಲ್ಲೆಲ್ಲ ಪ್ರಸಿದ್ಧ. ನಮ್ಮ ಮನೆಯಲ್ಲಿ ಆ ಮಾತು ಹೊಟ್ಟೆ ಒತ್ತದೆಯೂ ಬರುತ್ತದೆ. ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಗೋಡೆಗೆಲ್ಲ ಹಳೆಯ ಹಾಸಿಗೆ ಒರಗಿಸಿ, ನಡುವೆ ಒಂದು ಕಂಪ್ಯೂಟರ್ ಇಟ್ಟುಕೊಂಡು, ಅವರು ಅಲ್ಲಿ ದಿನವಿಡೀ ಗುರುಗುಟ್ಟುತ್ತಾರೆ. ನನ್ನ ಹೊಸ ಬ್ಯಾಕಪ್ ಬಂದು ಇಳಿಯಬೇಕಾಗಿದ್ದದ್ದು ಇದೇ ಉಗ್ರಾಣದ ಯಂತ್ರಕ್ಕೆ.

ಕಾಫಿ ಕೈಗೆ ಬಂದೊಡನೆ ಅವರು ಎಂದಿನ ಪ್ರಶ್ನೆ ಕೇಳಿದರು. ಗುಡುಗು ಇವತ್ತು ಏನೆಂದಿತು?

ಗುಡುಗು ಎಂದರೆ ನಮ್ಮ ಆಫೀಸಿನ ಯಜಮಾನರು. ಅವರು ಬಾಯಿ ತೆಗೆದರೆ ಸರ್ವರಿನ ಗಾಜಿನ ಬಾಗಿಲು ನಡುಗುತ್ತದೆ, ನಾವು ಅದಕ್ಕಿಂತ ಒಂದು ಸ್ವಲ್ಪ ಮೊದಲೇ ನಡುಗಿರುತ್ತೇವೆ. ಹೆಸರು ನಾವು ಹಿಂದಿನಿಂದ ಇಟ್ಟದ್ದು, ಎದುರಿಗೆ ಸಾರ್. ಆ ದಿನ ಗುಡುಗು ಹೇಳಿದ್ದು ಗ್ರಂಥಾಲಯದ ವಿಷಯ. ಹೊಸ ಗ್ರಂಥಾಲಯದ ನಕ್ಷೆ ನೋಡಲು ಸೋಮವಾರ ಬೆಳಿಗ್ಗೆ ಅದರ ಸಮಿತಿಯವರು ಬರುತ್ತಾರೆ, ಅವರು ಒಪ್ಪಿದರೆ ಆಫೀಸು ಉಳಿಯಿತು, ಒಪ್ಪದಿದ್ದರೆ ನಮ್ಮಲ್ಲಿ ಕೆಲವರು ಬೇರೆ ಕಡೆ ಕೆಲಸ ಹುಡುಕಿಕೊಳ್ಳಬೇಕು. ಹೀಗೆಂದು ಎಲ್ಲರೂ ಮನೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಮೀಟಿಂಗ್ ಕರೆದು ಗುಡುಗಿದ್ದರು.

"ನಾನು ಬಿಡ್ತೀನಾ? ಎದ್ದು ನಿಂತು, ಸಾರ್, ಹೊರಡೋ ಹೊತ್ತಿಗೆ ಮೀಟಿಂಗ್ ಕರೀಬೇಡಿ, ನಮಗೂ ಮನೆ ಮಠ ಅಂತ ಇದೆ, ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟೆ" ಎಂದೆ.

ನಮ್ಮ ಮನೆಯವರು ಕಣ್ಣರಳಿಸಿದರು. ಆಮೇಲೆ ಗುಡುಗು ಏನೆಂದರು, ಯಾವ ರಾಗದಲ್ಲಿ ಎಂದರು, ಎಂದಾಗ ಕೈ ಎಲ್ಲಿತ್ತು, ಕೆಮ್ಮಿದರೋ ಇಲ್ಲವೋ ಎಂದೆಲ್ಲ ವಿಚಾರಿಸಿದರು. ದಿನವೂ ಹೀಗೆಯೇ. ಬೇರೆಯವರ ಗಂಡಂದಿರು ಹೆಂಡತಿ ಮಾತಾಡುವಾಗ ಪೇಪರಿನ ಹಿಂದೆ ಅಡಗುತ್ತಾರಂತೆ. ನನ್ನ ಗಂಡ ಒಂದೊಂದು ಅಕ್ಷರವನ್ನೂ ಕಿವಿಗೆ ತುಂಬಿಕೊಳ್ಳುತ್ತಾರಲ್ಲ, ಎಂಥ ಪುಣ್ಯ ಮಾಡಿದ್ದೆ ಎಂದು ನಾನು ಉಬ್ಬುತ್ತಿದ್ದೆ.

ಶನಿವಾರ ಆಫೀಸಿನಲ್ಲಿ ನನ್ನ ಮಹಾಕಾರ್ಯ ಆರಂಭವಾಯಿತು. ವಿಷಯ ಬಹಳ ಸುಲಭ. ಒಂದು ಬೀಗ, ಅದಕ್ಕೆ ಹೊಂದುವ ಒಂದು ಕೀಲಿ ಮಾಡಿಕೊಡು ಎಂದರೆ ಕಂಪ್ಯೂಟರ್ ಕ್ಷಣದಲ್ಲಿ ಮಾಡಿಕೊಡುತ್ತದೆ. ಲೋಹದ್ದಲ್ಲ, ಅಕ್ಷರಗಳದ್ದು. ಬೀಗವನ್ನು ಒಳಗೆ ಬಿಟ್ಟುಕೊಳ್ಳುವ ಯಂತ್ರದ ಬಾಗಿಲಿಗೆ ಹಾಕಬೇಕು, ಕೀಲಿಯನ್ನು ಹೋಗುವ ಯಂತ್ರ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಅಲ್ಲಿಂದ ಮುಂದೆ ಅದು ಯಾವಾಗ ಬೇಕಾದರೂ ಹೋಗಿ ಬರಬಹುದು, ಯಾರು ಎಂದು ಕೇಳುವವರಿಲ್ಲ. ಕೀಲಿ ಮಾಡುವಾಗ ಯಂತ್ರ, ಈ ಕೀಲಿಗಾದರೂ ಒಂದು ಗುಟ್ಟಿನ ಪದ ಬೇಡವೇ ಎಂದು ವಿನಯದಿಂದ ಕೇಳಿತು. ಬೇಡ ಎಂದು ಖಾಲಿ ಬಿಟ್ಟೆ. ಖಂಡಿತ ಬೇಡವೇ ಎಂದಿತು. ಖಂಡಿತ ಬೇಡ ಎಂದೆ. ಅಷ್ಟು ಕಳಕಳಿಯಿಂದ ನನ್ನನ್ನು ಯಾರೂ ಎಚ್ಚರಿಸಿದ್ದಿಲ್ಲ, ನಾನೂ ಯಾರಿಗೂ ಅಷ್ಟು ಉಡಾಫೆಯಿಂದ ಉತ್ತರಿಸಿದ್ದಿಲ್ಲ.

ಆಮೇಲೆ ಆಫೀಸಿನಲ್ಲಿ ಕೂತಲ್ಲಿಂದಲೇ ನಮ್ಮ ಉಗ್ರಾಣದ ಯಂತ್ರದೊಳಗೆ ಹೊಕ್ಕು, 'ಕೆಲಸ' ಎಂಬ ಹೆಸರಿನ ಒಂದು ಖಾಲಿ ಫೋಲ್ಡರ್ ಮಾಡಿದೆ. ಆಫೀಸಿನ ಸರ್ವರಿನಲ್ಲಿ ನಕ್ಷೆಗಳಿರುವ ಫೋಲ್ಡರಿನ ಹೆಸರೂ 'ಕೆಲಸ'. ಎರಡೂ ಕಡೆ ಒಂದೇ ಹೆಸರಿದ್ದರೆ ಗೊಂದಲವಿಲ್ಲ ಎಂಬುದು ನನ್ನ ಶಿಸ್ತು! ತಕ್ಷಣ ಮನೆಯಿಂದ ಫೋನ್ ಬಂತು. ಯಾರೂ ಮುಟ್ಟದೆ ತೆರೆಯ ಮೇಲೆ ಏನೋ ಹುಟ್ಟಿತು ಎಂದು ಕಪ್ಪೆಯ ದನಿಯಲ್ಲಿ ಹೇಳಿದರು. ಹೆದರಿದಾಗ ಅವರಿಗೆ ಕಪ್ಪೆಯೇ ಬರುವುದು. ಹುಟ್ಟಿಸಿದವಳು ನಾನೇ ಎಂದು ಗತ್ತಿನಿಂದ ಹೇಳಿ ಫೋನ್ ಇಟ್ಟೆ.

ಸಂಜೆ ಅವರ ಮುಖದಲ್ಲಿ ಕಳೆ ಇರಲಿಲ್ಲ.

"ಅಂದ್ರೆ ಆಫೀಸಿನಿಂದ ಯಾರು ಬೇಕಾದ್ರೂ ನಮ್ಮ ಉಗ್ರಾಣಕ್ಕೆ ಬರಬಹುದಾ? ಬೆಲ್ ಕೂಡ ಮಾಡದೆ, ನಿಮ್ಮಮ್ಮ ಬರೋ ಹಾಗೆ?"

ನಮ್ಮಮ್ಮನ ಹೆಸರು ಎತ್ತಿದ್ದನ್ನು ಕೇಳಿಸದಂತೆ ನುಂಗಿಕೊಂಡು, ಆ ಸರ್ವರಿನ ಮುಂದೆ ಕೂತವರು ಬರಬಹುದು ಎಂದೆ.

"ಗುಡುಗು ಕೂತ್ರೆ?"

"ಗುಡುಗೂ ಬರಬಹುದು."

ಅವರು ಲೋಟವನ್ನು ಕೆಳಗಿಟ್ಟು, ಅದು ಸರಿಯಲ್ಲ, ಮನೆಯೆಂದ ಮೇಲೆ ಒಂದು ಭದ್ರತೆ ಬೇಡವೇ, ನೀನೇ ಯೋಚನೆ ಮಾಡು ಎಂದು ಒಂದು ದೀರ್ಘ ಉಪನ್ಯಾಸ ಕೊಟ್ಟರು. ನಾನು ಬೆರಗಾದೆ. ಮದುವೆಯಾದಾಗಿನಿಂದ ಹಿತ್ತಲ ಬಾಗಿಲಿನ ಅಗುಳಿ ಹಾಕಲು ಮರೆಯುವ ಮನುಷ್ಯ ಭದ್ರತೆಯ ಬಗ್ಗೆ ಮಾತಾಡುತ್ತಿದ್ದಾರೆ! ನನ್ನ ಸಹವಾಸದಿಂದ ಬುದ್ಧಿ ಬೆಳೆದಿದೆ ಎಂದುಕೊಂಡೆ. ಮಾತಿನಲ್ಲಿ ಸತ್ಯವೂ ಇತ್ತು. ಸರಿ, ನಾಳೆ ನಿಮ್ಮ ಯಂತ್ರದ ಮುಂದೆಯೇ ಕೂತು ಎಲ್ಲ ತಿರುಗಿಸಿ ಬಿಡುತ್ತೇನೆ, ಕೀಲಿ ನಮ್ಮ ಮನೆಯಲ್ಲಿರಲಿ, ನಮ್ಮ ಯಂತ್ರವೇ ಆಫೀಸಿಗೆ ಹೋಗಿ ನಕ್ಷೆಗಳನ್ನು ಹೊತ್ತು ತರಲಿ ಎಂದೆ. ನಾಳೆ ನೀನು ನನ್ನ ಯಂತ್ರದ ಮುಂದೆ ಕೂರುತ್ತೀಯಾ ಎಂದು ಅವರು ಮತ್ತೆ ಕಪ್ಪೆಯಾದರು. ಕೂರುತ್ತೇನೆ ಎಂದೆ. ಅವರು ತುರ್ತಾಗಿ ಏನೋ ನೆನಪಾದಂತೆ ಎದ್ದು ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡರು.

ಭಾನುವಾರ ಮಧ್ಯಾಹ್ನ ಉಗ್ರಾಣದ ಹಾಸಿಗೆಗಳ ನಡುವೆ ಬೆವರುತ್ತ ಕೂತು ಹೊಸ ಬೀಗ, ಹೊಸ ಕೀಲಿ ಮಾಡಿದೆ. ಇನ್ನು ಉಳಿದದ್ದು ನಕಲು ಮಾಡುವ ಆಜ್ಞೆ. ಅದು ಒಂದೇ ಸಾಲು. ಮೊದಲು ಎಲ್ಲಿಂದ ಎಂದು ಬರೆಯಬೇಕು, ಆಮೇಲೆ ಎಲ್ಲಿಗೆ ಎಂದು ಬರೆಯಬೇಕು. ಕೊನೆಗೆ ನಾನು ಒಂದು ಚಮತ್ಕಾರ ಸೇರಿಸಿದ್ದೆ. ಎರಡೂ ಕಡೆ ಪಡಿಯಚ್ಚಿನಂತೆ ಒಂದೇ ಇರಬೇಕು, ಮೊದಲಿನದರಲ್ಲಿ ಇಲ್ಲದ್ದು ಎರಡನೆಯದರಲ್ಲಿದ್ದರೆ ಅಳಿಸಿ ಹಾಕು ಎಂದು. ಶನಿವಾರ ಆಫೀಸಿಗಾಗಿ ಬರೆದಿಟ್ಟಿದ್ದ ಆ ಸಾಲನ್ನೇ ತಂದು ಇಲ್ಲಿ ಅಂಟಿಸಿದೆ, ಮನೆಯ ವಿಳಾಸವಿದ್ದ ಕಡೆ ಆಫೀಸಿನ ವಿಳಾಸ ಹಾಕಿದೆ. ದಿನಾ ಬೆಳಗಿನ ಜಾವ ತಾನೇ ಎದ್ದು ಕೆಲಸ ಮಾಡು ಎಂದು ಯಂತ್ರಕ್ಕೆ ಹೇಳಿ, ಬೆರಳು ಲಟಿಕೆ ಮುರಿದೆ.

ಬಳಿಕ ಡಿಸ್ಕಿನ ಬೀಳ್ಕೊಡುಗೆ. ಶನಿವಾರ ಸಂಜೆಯ ಕೊನೆಯ ನಕಲು ಅದರಲ್ಲಿತ್ತು. ತಗೊಳ್ಳಿ, ಇದು ಇನ್ನು ನನಗೆ ಬೇಡ, ಎಲ್ಲ ಅಳಿಸಿ ನಿಮ್ಮ ಕರಡಿಗಳನ್ನು ತುಂಬಿಕೊಳ್ಳಿ ಎಂದು ಉದಾರವಾಗಿ ಗಂಡನ ಕೈಗೆ ಹಾಕಿದೆ. ಆಗಲಿ ನೋಡೋಣ ಎಂದರು. ಮಲಗುವ ಮುನ್ನ ಅಳಿಸಿದಿರಾ ಎಂದೆ. ಬೆಳಿಗ್ಗೆ ಹೊರಡುವಾಗಲೂ, ಒಂದು ಕೆಲಸ ಹೇಳಿದರೆ ಮಾಡುವವರಲ್ಲ, ಇವತ್ತಾದರೂ ಅಳಿಸಿ ಎಂದು ಚೆನ್ನಾಗಿ ಜಾಡಿಸಿಯೇ ಹೊರಟೆ.

ಬಸ್ಸಿನಲ್ಲಿ ನೋಡಿದರೆ ಉಗ್ರಾಣದ ಯಂತ್ರದಿಂದ ಫೋನಿಗೆ ಸಂದೇಶ ಬಂದಿತ್ತು. ಕೆಲಸ ಮುಗಿಯಿತು, ಯಾವ ದೋಷವೂ ಇಲ್ಲ! ಓದಿ ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸಿಗೆ ನಕ್ಕೆ. ಆಕೆ ಬ್ಯಾಗನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಆಫೀಸಿನ ಮೆಟ್ಟಿಲು ಹತ್ತುವಾಗಲೇ ಗುಡುಗಿನ ಸದ್ದು. ಮೀಟಿಂಗ್ ಕೋಣೆಯೊಳಗಿನಿಂದ ಗೋಡೆ ಬಿರಿಯುವಂತೆ ಅಬ್ಬರಿಸುತ್ತಿದ್ದರು. ಬೆಳ್ಳಂಬೆಳಿಗ್ಗೆ ಯಾರ ಗ್ರಹಚಾರ ಕೆಟ್ಟಿದೆಯೋ ಎಂದು ತುದಿಗಾಲಲ್ಲಿ ನಡೆದು ಬಂದೆ. ಕೋಣೆಯ ಬಾಗಿಲಲ್ಲಿ ಯಾರೋ ನನಗೆ ಬೆನ್ನು ಹಾಕಿ ನಿಂತು ಒಳಗೆ ಇಣುಕುತ್ತಿದ್ದರು. ಅವರ ಭುಜದ ಪಕ್ಕದಿಂದ ನಾನೂ ಇಣುಕಬೇಕು, ಅಷ್ಟರಲ್ಲಿ ಅವರು ತಿರುಗಿದರು.

ಗುಡುಗು.

ಬಾಯಿ ಮುಚ್ಚಿತ್ತು. ಒಳಗೆ ಗುಡುಗುತ್ತಲೇ ಇತ್ತು!

ಕೋಣೆಯ ತುಂಬ ಆಫೀಸಿನವರು. ಗೋಡೆಯ ದೊಡ್ಡ ತೆರೆಯ ಮುಂದೆ ನಮ್ಮ ಹಿರಿಯ ನಕ್ಷೆಗಾರರು ಕಲ್ಲಾಗಿ ನಿಂತಿದ್ದರು. ಸಪೂರ ನೆಟ್ಟಗಿನ ಆಸಾಮಿ, ಎಲ್ಲರೂ ಅವರನ್ನು ಸ್ಕೇಲಣ್ಣ ಎನ್ನುತ್ತೇವೆ. ಗ್ರಂಥಾಲಯದ ನಕ್ಷೆ ತೆಗೆಯಲು ಹೋದವರು 'ಕೆಲಸ' ಫೋಲ್ಡರಿನಲ್ಲಿ ಸಿಕ್ಕಿದ್ದನ್ನು ಒತ್ತಿದ್ದಾರೆ. ತೆರೆಯ ಪಕ್ಕದ ಸ್ಪೀಕರಿನಿಂದ ಗುಡುಗಿನ ದನಿ, ಗುಡುಗಿನ ಕೆಮ್ಮು, ಗುಡುಗು ಮೇಜು ಕುಟ್ಟುವ ಸದ್ದು ಕೂಡ ಹೊಮ್ಮುತ್ತಿತ್ತು. ಹಿಂದೆಯೇ ಒಂದು ಹೆಣ್ಣು ದನಿ. ಸ್ವಲ್ಪ ಮೂಗಿನಲ್ಲಿ, ಬಹಳ ಗತ್ತಿನಲ್ಲಿ.

"ಸಾರ್, ಹೊರಡೋ ಹೊತ್ತಿಗೆ ಮೀಟಿಂಗ್ ಕರೀಬೇಡಿ. ಗುಡುಗೋದಿದ್ರೆ ಮನೇಲಿ ಗುಡುಗಿ. ಸ್ಕೇಲಣ್ಣನಿಗೆ ರಜ ಕೊಡ್ತೀನಿ ಅಂದು ಇವತ್ತಿಗೂ ಕೊಟ್ಟಿಲ್ಲ, ಮೊದಲು ಅದನ್ನ ಕೊಡಿ. ಆಮೇಲೆ ನನ್ನ ಹತ್ರ ಮಾತಾಡಿ."

ಅದಕ್ಕೆ ಗುಡುಗಿನ ದನಿ ಮೆತ್ತಗಾಗಿ, ತಪ್ಪಾಯಿತಮ್ಮ, ನೀವಿಲ್ಲದಿದ್ದರೆ ಈ ಆಫೀಸು ನಡೆಯುವುದಾದರೂ ಹೇಗೆ ಎಂದು ಮೂಗು ಒರೆಸಿಕೊಂಡಿತು.

ಎಲ್ಲರ ಕಣ್ಣೂ ನನ್ನ ಮೇಲೆ. ಆ ಹೆಣ್ಣು ದನಿ ನಾನು. ಎಂದರೆ ನಾನಾದ ನನ್ನ ಗಂಡ. ಸಂಜೆ ಕಾಫಿಯ ಹೊತ್ತಿನಲ್ಲಿ ಅವರು ಕಣ್ಣರಳಿಸಿ ಕೇಳುತ್ತಿದ್ದದ್ದು ಪ್ರೀತಿಯಿಂದಲ್ಲ, ಧಾರಾವಾಹಿಗೆ ಸರಕು ಬೇಕೆಂದು. ಮಾಡಿ ಮಾಡಿ ಪರವೂರಿನಲ್ಲಿರುವ ತಂಗಿಗೆ, ಅಂದರೆ ನನ್ನ ನಾದಿನಿಗೆ, ಕಂತು ಕಂತಾಗಿ ಕಳಿಸುತ್ತಿದ್ದರಂತೆ. ಅವಳ ಮನೆಯಲ್ಲಿ ರಾತ್ರಿ ಊಟಕ್ಕೆ ಇದು ಇಲ್ಲದಿದ್ದರೆ ತುತ್ತು ಇಳಿಯುವುದಿಲ್ಲವಂತೆ! ಇದೆಲ್ಲ ಆಮೇಲೆ ತಿಳಿದದ್ದು.

ಇಲ್ಲಿ ನಾನು ನಿಮಗೊಂದು ಮಾತು ಹೇಳಬೇಕು. ನೀವು ಆಗಲೇ ಊಹಿಸಿದ್ದರೆ ದಯವಿಟ್ಟು ನಗಬೇಡಿ. ಈ ಆಫೀಸಿಗೆ ಸೇರಿದಂದಿನಿಂದ ನಾನು ಗುಡುಗಿನ ಎದುರು ಒಂದು ಸಲವೂ ಬಾಯಿ ಬಿಟ್ಟಿಲ್ಲ. ಅವರು ಏನೇ ಹೇಳಲಿ, ತಲೆಯಾಡಿಸುತ್ತೇನೆ. ಆಮೇಲೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಹೇಳಬೇಕಾಗಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ಜೋಡಿಸುತ್ತೇನೆ. ಮನೆ ಮುಟ್ಟುವ ಹೊತ್ತಿಗೆ ಅವನ್ನೆಲ್ಲ ಹೇಳಿಯೇ ಬಂದಿದ್ದೇನೆ ಎಂದು ನನಗೇ ಅನ್ನಿಸಿರುತ್ತದೆ. ಮನೇಲಿ ಹುಲಿ, ಬೀದೀಲಿ ಇಲಿ ಎನ್ನುವುದು ನನ್ನಂಥವರನ್ನು ನೋಡಿಯೇ. ಈಗ ಆಫೀಸಿನ ಅಷ್ಟೂ ಇಲಿಗಳು ನನ್ನನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದವು.

ನಗು ನಿಲ್ಲಿಸಿದವರು ಸ್ಕೇಲಣ್ಣ.

"ಮೇಡಂ, ಗ್ರಂಥಾಲಯದ ನಕ್ಷೆ ಇರೋ ಜಾಗದಲ್ಲಿ ಬರೀ ಇವೇ ಇವೆ. ಬೇರೆ ನಕ್ಷೆಗಳೂ ಇಲ್ಲ. ಒಂದೂ ಇಲ್ಲ."

ಎಲ್ಲಿಂದ, ಎಲ್ಲಿಗೆ! ಕೀಲಿ ಮನೆಗೆ ಬಂದ ಮೇಲೆ ಆ ಎರಡನ್ನೂ ಅದಲುಬದಲು ಮಾಡಬೇಕಿತ್ತು. ನಾನು ವಿಳಾಸ ಬದಲಿಸಿದೆ, ದಿಕ್ಕು ಬದಲಿಸಲಿಲ್ಲ. ನಮ್ಮ ಉಗ್ರಾಣದ ಯಂತ್ರ ಬೆಳಗಿನ ಜಾವ ಶಿಸ್ತಾಗಿ ಎದ್ದು, ಆಫೀಸಿನ ಬಾಗಿಲು ತಟ್ಟದೆ ಒಳಹೊಕ್ಕು, ತನ್ನ 'ಕೆಲಸ'ವನ್ನು ಅಲ್ಲಿ ಸುರಿದು, ತನ್ನಲ್ಲಿ ಇಲ್ಲದ ನಕ್ಷೆಗಳನ್ನೆಲ್ಲ ಕಸವೆಂದು ಗುಡಿಸಿ ಹಾಕಿ, ಯಾವ ದೋಷವೂ ಇಲ್ಲ ಎಂದು ನನಗೆ ವರದಿ ಒಪ್ಪಿಸಿತ್ತು. ಪಾಸ್‌ವರ್ಡ್ ಕೇಳಿದ್ದರೆ, ಅದನ್ನು ತಪ್ಪು ಒತ್ತುವ ಹೊತ್ತಿನಲ್ಲಾದರೂ ಆ ಸಾಲಿನ ಮೇಲೆ ನನ್ನ ಕಣ್ಣು ಬೀಳುತ್ತಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡಿದ್ದೆ.

ನಕ್ಷೆಗಳು ಎಲ್ಲಿ ಎಂದು ಗುಡುಗು ಕೇಳಿದರು. ಮೆಲ್ಲಗೆ ಕೇಳಿದರು. ಅವರು ಮೆಲ್ಲಗೆ ಮಾತಾಡಿದ್ದನ್ನು ಆ ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ. ನಕ್ಕವರೆಲ್ಲ ಗೋಡೆಗೆ ಒರಗಿಕೊಂಡರು. ನನ್ನೊಬ್ಬಳ ಕೆಲಸ ಹೋಗಿದ್ದರೆ ಹೋಗಲಿ ಎನ್ನಬಹುದಿತ್ತು. ಸಮಿತಿಯವರು ಬಂದು ಬರೀ ಗೋಡೆ ನೋಡಿ ಹೋದರೆ ಸ್ಕೇಲಣ್ಣ ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಬೇಕು? ನನಗೆ ನಿಜವಾಗಿ ಅಳು ಬಂತು. ಬ್ಯಾಗಿಗೆ ಕೈ ಹಾಕಿದೆ. ಬಾಚಣಿಗೆ ಇತ್ತು, ಪಕ್ಕದಲ್ಲಿ ಡಿಸ್ಕ್ ಇರಲಿಲ್ಲ. ಕಾರಿಡಾರಿಗೆ ಓಡಿ ಮನೆಗೆ ಫೋನ್ ಮಾಡಿದೆ.

"ರೀ, ಆ ಡಿಸ್ಕ್ ಅಳಿಸಿದ್ರಾ?"

ಆ ಕಡೆ ಕಪ್ಪೆ ಕೆಮ್ಮಿತು.

"ನಿಜ ಹೇಳಿ, ಅಳಿಸಿದ್ರಾ?"

"ನಿಜ ಹೇಳಿದ್ರೆ ಬೈಯಲ್ಲ ತಾನೆ?"

"ಇಲ್ಲ, ಬೈಯಲ್ಲ."

"ಇನ್ನೂ ಅಳಿಸಿಲ್ಲ ಕಣೇ. ಈಗ ಮಾಡಿಬಿಡ್ತೀನಿ, ಒಂದು ನಿಮಿಷ, ಇಲ್ಲೇ ಕೈಯಲ್ಲೇ..."

ನಾನು ಕಿರುಚಿದ ಕಿರುಚಿಗೆ ಮೀಟಿಂಗ್ ಕೋಣೆಯಿಂದ ಗುಡುಗೇ ಹೊರಗೆ ಬಂದರು. ಮುಟ್ಟಬೇಡಿ, ಅದನ್ನು ಹಾಗೇ ಎತ್ತಿಕೊಂಡು ಓಡಿ ಬನ್ನಿ ಎಂದೆ. ಮದುವೆಯಾದಾಗಿನಿಂದ ನಾನು ದಿನವೂ ಬೈದು ತಿದ್ದಲು ನೋಡಿದ ಸೋಮಾರಿತನಕ್ಕೆ ಆ ಕ್ಷಣದಲ್ಲಿ ಉದ್ದಂಡ ನಮಸ್ಕಾರ ಹಾಕಬೇಕೆನ್ನಿಸಿತು.

ನಮ್ಮ ಮನೆಯವರು ಸ್ಕೂಟರಿನಲ್ಲಿ ಬಂದರು. ಗಾಬರಿಯಲ್ಲಿ ಹೆಲ್ಮೆಟ್ ತೆಗೆಯದೆ, ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ನೇರವಾಗಿ ಗುಡುಗಿನ ಎದುರಿಗೇ ಬಂದು ನಿಂತರು. ಇಷ್ಟು ಕಾಲ ಅವರು ಗುಡುಗನ್ನು ನೋಡಿದ್ದಿಲ್ಲ. ನನ್ನ ಒಗ್ಗರಣೆಯ ಮಾತಿನಿಂದಲೇ ದನಿ ಕಟ್ಟಿದ್ದರು. ಗುಡುಗು ಎದೆಯುಬ್ಬಿಸಿ, ಯಾರು ನೀವು ಎಂದರು.

ಹೆದರಿದರೆ ಕಪ್ಪೆಯಾಗಬೇಕಾಗಿದ್ದ ನನ್ನ ಗಂಡ, ಕಿವಿಗೆ ಬಿದ್ದ ರಾಗಕ್ಕೆ ಗಂಟಲು ತಾನೇ ಹೊಂದಿಕೊಂಡು, ಅದೇ ಗುಡುಗಿನಲ್ಲಿ ಉತ್ತರಿಸಿಬಿಟ್ಟರು.

"ನಾನು ಇವಳ ಗಂಡ."

ಗಾಜು ಎರಡು ಸಲ ನಡುಗಿತು. ಇಡೀ ಆಫೀಸಿಗೆ ಧಾರಾವಾಹಿಯ ಕರ್ತೃ ಯಾರೆಂದು ಗೊತ್ತಾಯಿತು. ಗುಡುಗು ಇವರನ್ನು ಮೇಲಿಂದ ಕೆಳಗೆ ನೋಡಿದರು, ಇವರು ಹೆಲ್ಮೆಟ್ಟಿನೊಳಗೆ ಇನ್ನಷ್ಟು ಇಳಿದರು. ನಾನು ಡಿಸ್ಕ್ ಕಿತ್ತುಕೊಂಡು ಸರ್ವರಿನ ಗೂಡಿಗೆ ಓಡಿದೆ.

ಡಿಸ್ಕ್ ಸಿಕ್ಕಿಸಿದೆ. ಯಂತ್ರ ಕೇಳಿತು, ಪಾಸ್‌ವರ್ಡ್?

ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚುಕ್ಕಿ. ನಕ್ಷತ್ರ ಮೊದಲೋ ಚುಕ್ಕಿ ಮೊದಲೋ? ಬೆರಳುಗಳು ತಾಳ ತಪ್ಪಿ ಕುಣಿದವು, ಯಂತ್ರ ಮುನಿಸಿಕೊಂಡಿತು. ಅದೇ ಹೊತ್ತಿಗೆ ಕೆಳಗೆ ಸಮಿತಿಯವರ ಕಾರು ಬಂದು ನಿಂತಿತು. ಗುಡುಗು ನನ್ನನ್ನು ನೋಡಿದರು, ಕಿಟಕಿಯಿಂದ ಕೆಳಗೆ ನೋಡಿದರು, ಕೊನೆಗೆ ನನ್ನ ಗಂಡನ ಹೆಲ್ಮೆಟ್ ತಾವೇ ತೆಗೆದು, ಒಂದಷ್ಟು ಹೊತ್ತು ಅವರನ್ನು ಹೇಗಾದರೂ ಮಾತಾಡಿಸುತ್ತಿರಿ ಎಂದರು. ಮಾತಾಡಿಸುವುದಕ್ಕೆ ನಮ್ಮ ಮನೆಯವರಿಗೆ ಹೇಳಿಕೊಡಬೇಕೆ? ಸಮಿತಿಯ ಅಧ್ಯಕ್ಷೆ ಮೊಮ್ಮಕ್ಕಳಿರುವ ಹಿರಿಯಾಕೆ. ಇವರು ಬಾಯಿ ತೆಗೆದದ್ದೇ ಆಕೆ, ಅಯ್ಯೋ ನೀವು ನಮ್ಮ ಮನೆಯ ಕರಡಿ ಅಲ್ಲವೇ ಎಂದರಂತೆ. ಅಲ್ಲಿಂದ ಮುಂದೆ ಕರಡಿ, ಕಪ್ಪೆ, ಮುದುಕಿ ಎಲ್ಲ ಸರದಿಯಲ್ಲಿ ಬಂದುಹೋದವು. ನಗು ಗೋಡೆ ದಾಟಿ ಗಾಜಿನ ಗೂಡಿಗೆ ಕೇಳಿಸುತ್ತಿತ್ತು. ಅಷ್ಟರಲ್ಲಿ ಯಂತ್ರದ ಮುನಿಸು ಇಳಿಯಿತು, ನಾನು ಉಸಿರು ಬಿಗಿಹಿಡಿದು ಒಂದೊಂದೇ ಅಕ್ಷರ ಒತ್ತಿದೆ, ಬಾಗಿಲು ತೆರೆಯಿತು. ಈ ಸಲ ಎಲ್ಲಿಂದ, ಎಲ್ಲಿಗೆ ಎಂಬುದನ್ನು ಬಾಯಿ ಬಿಟ್ಟು ಓದಿಕೊಂಡೆ. ಸ್ಕೇಲಣ್ಣನನ್ನು ಕರೆದು ಅವರಿಂದಲೂ ಓದಿಸಿದೆ. ನಕ್ಷೆಗಳು ಒಂದೊಂದಾಗಿ ಮನೆಗೆ ಮರಳಿದವು.

ಊಟಕ್ಕೆ ಮೊದಲೇ ಗ್ರಂಥಾಲಯದ ನಕ್ಷೆ ಒಪ್ಪಿಗೆಯಾಯಿತು. ಸ್ಕೇಲಣ್ಣ ಕಣ್ಣೊರೆಸಿಕೊಂಡು ಕಾಫಿ ಕುಡಿದರು. ಕಾರಿಡಾರಿನಲ್ಲಿ ಗಂಡನನ್ನು ಹಿಡಿದು, ಆ ಹಾಳು ಧ್ವನಿಗಳನ್ನು ನನ್ನ ಖಾಲಿ ಫೋಲ್ಡರಿಗೇ ಯಾಕೆ ತಂದು ಹಾಕಿದಿರಿ ಎಂದು ಹಲ್ಲು ಕಚ್ಚಿ ಕೇಳಿದೆ.

"ನಾಳೆ ಯಂತ್ರದ ಮುಂದೆ ಕೂರ್ತೀನಿ ಅಂದೆಯಲ್ಲ, ಎಲ್ಲಾದ್ರೂ ಬಚ್ಚಿಡಬೇಕಿತ್ತು. 'ಕೆಲಸ' ಅಂತ ಬರೆದಿದ್ರೆ ಯಾರು ತಾನೆ ತೆಗೆದು ನೋಡ್ತಾರೆ ಅಂದ್ಕೊಂಡೆ" ಎಂದರು.

ಸಂಜೆ ಗುಡುಗಿನ ಕೋಣೆಯಿಂದ ನನಗೆ ಕರೆ ಬಂತು. ಎಲ್ಲರೂ ನನ್ನನ್ನು ಆಸ್ಪತ್ರೆಗೆ ಕಳಿಸುವವರಂತೆ ನೋಡಿದರು. ಒಳಗೆ ಹೋದೆ. ಅವರು ಕಿವಿಯಿಂದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಎಲ್ಲ ಕಂತುಗಳನ್ನೂ ಕೂತು ಕೇಳಿದ್ದರು! ತಮ್ಮ ದನಿ ನಿಜವಾಗಿ ಹೀಗಿದೆಯೇ ಎಂದು ಮನೆಗೆ ಫೋನ್ ಮಾಡಿ ಕೇಳಿಸಿದ್ದರಂತೆ. ಅವರ ಹೆಂಡತಿ, ಇದರಲ್ಲಿ ಸ್ವಲ್ಪ ಮೆತ್ತಗಿದೆ ಎಂದರಂತೆ.

"ನಾನು ಯಾಕೆ ಜೋರಾಗಿ ಮಾತಾಡ್ತೀನಿ ಗೊತ್ತಾ?" ಎಂದರು. "ನಾನು ಏನು ಹೇಳಿದ್ರೂ ನೀವು ಯಾರೂ ಉತ್ತರಾನೇ ಕೊಡಲ್ಲ. ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ಜೋರಾಗಿ ಹೇಳ್ತೀನಿ."

ನಾನು ತಲೆಯಾಡಿಸಿದೆ.

ಅವರು ಮುಂದುವರಿಸಿದರು. ಸ್ಕೇಲಣ್ಣನ ರಜೆಯ ವಿಷಯ ಮರೆತೇ ಹೋಗಿತ್ತಂತೆ, ನಾಳೆಯಿಂದಲೇ ಕೊಡುತ್ತಾರಂತೆ. ಹೊರಡುವ ಹೊತ್ತಿಗೆ ಮೀಟಿಂಗ್ ಕರೆಯಬಾರದು ಎಂಬ ಮಾತೂ ಸರಿಯಂತೆ. ಸರ್ವರಿನ ನಕಲು ಒಂದಲ್ಲ, ಎರಡು ಕಡೆ ಇರಬೇಕೆಂದು ಒಂದು ಕಂತಿನಲ್ಲಿ ಹೇಳಿದ್ದು ಬಹಳ ಬುದ್ಧಿವಂತಿಕೆಯ ಮಾತಂತೆ, ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಇವತ್ತು ಈ ಗತಿ ಬರುತ್ತಿರಲಿಲ್ಲವಂತೆ. ಒಂದೊಂದೂ ನನ್ನ ಮಾತೇ. ಬಸ್ಸಿನ ಕಿಟಕಿಯ ಪಕ್ಕ ನಾನೇ ಜೋಡಿಸಿದ್ದು. ನನ್ನ ಕಣ್ಣು ತುಂಬಿ ಬಂತು.

"ಆ ಮನೇಲಿರೋ ಮೇಡಂ ಬಹಳ ತಿಳಿದವರು" ಎಂದರು ಗುಡುಗು. "ನಾಳೆಯಿಂದ ಅವರನ್ನೇ ಆಫೀಸಿಗೆ ಕಳಿಸಿ. ನೀವು ಬೇಕಾದ್ರೆ ಮನೇಲಿರಿ."

ಇದೇ ಸಮಯ! ಇಷ್ಟು ವರ್ಷ ಕಾದಿದ್ದ ಗಳಿಗೆ ಬಂದಿತ್ತು. ಎದುರಿಗಿದ್ದವರು ಕಿವಿ ತೆರೆದು ಕೂತಿದ್ದರು. ಬಾಯಿ ತೆರೆದೆ, ಹೇಳಬೇಕಾದ್ದೆಲ್ಲ ನಾಲಿಗೆಯ ತುದಿಯವರೆಗೆ ಬಂತು.

ಮನೆಯಲ್ಲಿ ನಮ್ಮ ಮನೆಯವರು ಕಾಫಿ ಮಾಡಿಟ್ಟುಕೊಂಡು ಕಾಯುತ್ತಿದ್ದರು. ಕೆಲಸ ಉಳಿಯಿತೇ ಎಂದು ಮೊದಲು ಕೇಳಿದರು. ಉಳಿಯಿತು ಎಂದೆ. ನಡೆದದ್ದನ್ನೆಲ್ಲ ಈ ಸಲ ಒಗ್ಗರಣೆಯಿಲ್ಲದೆ, ನಡೆದ ಹಾಗೆಯೇ ಹೇಳಿದೆ. ಅವರು ಕುರ್ಚಿಯ ತುದಿಗೆ ಬಂದು ಕೂತರು.

"ಅದಕ್ಕೆ ನೀನೇನಂದೆ?"

"ಆಗಲಿ ಸಾರ್ ಅಂದೆ."

"ಆಮೇಲೆ?"

"ಆಮೇಲೆ ಬಸ್ ಹತ್ತಿದೆ."

ಅವರು ಉಗ್ರಾಣದ ಕಡೆ ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು ಕಾಫಿ ಲೋಟ ಎತ್ತಿಕೊಂಡರು.

"ಇದನ್ನ ಕಳಿಸೋ ಹಾಗಿಲ್ಲ. ಅತ್ತಿಗೆ ಪಾತ್ರಾನ ಯಾಕಣ್ಣ ಹೀಗೆ ಕೆಡಿಸಿದೆ ಅಂತ ನನ್ನ ತಂಗಿ ಬೈತಾಳೆ."